ಕಣ್ಣಿಗಿಟ್ಟ ಕುಂಕುಮ

ಹೋದ ವಾರ ಹಳೆಯ ರೋಬೋದ ಕಣ್ಣು ಬಿಚ್ಚಿ ಒರೆಸುವಾಗ ಜಾಲರಿಯಿಂದ ಒಂದು ಚಿಟಿಕೆ ಕುಂಕುಮ ಮೇಜಿನ ಮೇಲೆ ಉದುರಿತು. ಇಷ್ಟು ವರ್ಷವಾದರೂ ಬಣ್ಣ ಮಾಸಿರಲಿಲ್ಲ. ನಮ್ಮ ವಿಜ್ಞಾನದ ಮಿಸ್ ಎದುರಿಗೆ ಬಂದು ನಿಂತಂತಾಯಿತು...

ಆಗ ನಾನು ಮಂಡ್ಯದಲ್ಲಿ ಹೈಸ್ಕೂಲು ಓದುತ್ತಾ ಮಿಸ್ ಕಟ್ಟಿದ ರೋಬೋ ತಂಡದಲ್ಲಿದ್ದೆ. ನಾವು ಮಾಡಿದ ರೋಬೋವನ್ನು ಹಳ್ಳಿ ಶಾಲೆಗಳಿಗೆ ಹೊತ್ತೊಯ್ದು ಅಲ್ಲಿನ ಮಕ್ಕಳ ಕೈಗೆ ಕೊಡುವ ಹುಚ್ಚು ಅವರಿಗೆ. ಹೆಡ್‌ಮಾಸ್ಟರಿಗೆ ಅದೆಲ್ಲ ಕೆಲಸವಿಲ್ಲದವರ ಕೆಲಸ. ಆದರೆ ಒಂದು ವರ್ಷ, ನಾವು ಭಾಗವಹಿಸುತ್ತಿದ್ದ ರೋಬೋ ಸ್ಪರ್ಧೆಯವರು ಹಳ್ಳಿ ಮಕ್ಕಳಿಗೆ ಕಲಿಸುವ ತಂಡಕ್ಕೆಂದೇ ಪ್ರಶಸ್ತಿ ಇಟ್ಟರು, ಜೊತೆಗೆ ಓಡಾಟಕ್ಕೆ ಅನುದಾನ. ಅದು ನಮಗೇ ಬಂತು. ಅಲ್ಲಿಂದಾಚೆಗೆ ಹೆಡ್‌ಮಾಸ್ಟರೇ ವ್ಯಾನು ಗೊತ್ತು ಮಾಡಿ, ಗೇಟಿನವರೆಗೂ ಬಂದು ಕಳಿಸತೊಡಗಿದರು. ನಗಬೇಡಿ, ಬಹುಮಾನಕ್ಕೆ ಅಷ್ಟು ಶಕ್ತಿಯಿದೆ.

ಚಿಕ್ಕರಸಿನಕೆರೆ ದಾಟಿ ಒಂದು ಶಾಲೆ. ಅಲ್ಲಿ ಬಿಸಿಯೂಟದ ಅಡುಗೆಯಮ್ಮ ಹೊಸ ಗಾಡಿಗೆ ಮಾಡುವಂತೆ ರೋಬೋಗೆ ಆರತಿ ಎತ್ತಿ, ಎದುರಿಗಿದ್ದದ್ದನ್ನು ಗುರುತಿಸುವ ಅದರ ಎರಡು ದುಂಡು ಜಾಲರಿ ಕಣ್ಣಿಗೂ ಒದ್ದೆ ಕುಂಕುಮ ಮೆತ್ತಿದರು. ಎದುರಿಗೆ ಗೋಡೆಯಿದೆ ಎಂದುಕೊಂಡ ರೋಬೋ ಕದಲಲೇ ಇಲ್ಲ. ಮಕ್ಕಳು ಬಿದ್ದು ಬಿದ್ದು ನಕ್ಕರು. ಮಿಸ್ ಸೆರಗಿನಿಂದ ಒರೆಸುತ್ತಾ, "ಕಣ್ಗಲ್ಲ ಕಣಮ್ಮ, ಅಣೆಗಿಕ್ಕಿ," ಎಂದರು. ಹೊರಡುವಾಗ, ಈ ಮಕ್ಕಳೇ ಒಂದು ರೋಬೋ ಕಟ್ಟುವವರೆಗೂ ಬರುತ್ತಿರುತ್ತೇನೆ ಎಂದು ಮಾತು ಕೊಟ್ಟರು.

ಮರುವರ್ಷ ಅನುದಾನ ನಿಂತಿತು, ವ್ಯಾನೂ ನಿಂತಿತು. ಕೊಟ್ಟ ಮಾತು ಹಾಗೇ ಇತ್ತಲ್ಲ... ಮಂಜು ಮುಸುಕಿದ ಒಂದು ಬೆಳಿಗ್ಗೆ ರೋಬೋವನ್ನು ಚೀಲಕ್ಕೆ ಹಾಕಿಕೊಂಡು ಮಿಸ್ ಸ್ಕೂಟರಿನಲ್ಲಿ ಆ ಶಾಲೆಗೆ ಒಬ್ಬರೇ ಹೊರಟರು. ಮದ್ದೂರಿನ ಹತ್ತಿರ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ರಸ್ತೆಯಲ್ಲೇ ಕೆಟ್ಟು ನಿಂತಿತ್ತು. ಹಿಂದೆ ಒಂದು ದೀಪವೂ ಇರಲಿಲ್ಲ. ಗದ್ದೆ ಬದುವಿನ ಹುಲ್ಲಿಗೆ ಬಿದ್ದ ಚೀಲದಲ್ಲಿ ರೋಬೋ ಮಾತ್ರ ಉಳಿಯಿತು. ಎದುರಿಗೆ ಏನಾದರೂ ಸಿಕ್ಕರೆ ನಿಲ್ಲುವುದನ್ನು ಅದಕ್ಕೆ ಕಲಿಸಿದವರು ಅವರೇ. ಆ ಟ್ರ್ಯಾಕ್ಟರನ್ನು ದೀಪವಿಲ್ಲದೆ ನಿಲ್ಲಿಸಿದವರ ಮೇಲಿನ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಮಿಸ್ ಮನೆಯವರು ರೋಬೋವನ್ನು ನನ್ನ ಕೈಗೇ ಕೊಟ್ಟರು.

ಈಗ ನಾನು ಮಳವಳ್ಳಿಯಲ್ಲಿ ವಿಜ್ಞಾನದ ಮಿಸ್. ಈ ವರ್ಷ ನನ್ನ ಮಕ್ಕಳ ತಂಡಕ್ಕೂ ಅಂಥದೇ ಅನುದಾನ ಬಂತು. ಮೊದಲು ಮಾಡಿದ ಕೆಲಸ ವ್ಯಾನು ಗೊತ್ತು ಮಾಡಿದ್ದು. ನಿನ್ನೆ ಹಳೆಯ ರೋಬೋವನ್ನೂ ತೆಗೆದುಕೊಂಡು ಅದೇ ಶಾಲೆಗೆ ಹೋದೆವು. ತಲೆ ಪೂರಾ ನರೆತಿದ್ದ ಅಡುಗೆಯಮ್ಮ ಕುಂಕುಮದ ಬಟ್ಟಲು ಹಿಡಿದು ಬಂದರು. ಕಣ್ಣಿಗೆ ತಾಗದಂತೆ, ಜೋಪಾನವಾಗಿ, ಹಣೆಗೇ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ಆ ಮಿಸ್ಸು ಬತ್ತೀನಿ ಅಂದಿದ್ರು ಕಣವ್ವ. ಯಾಕೆ ಬರ್ನೇ ಇಲ್ಲ?"

"ಬತ್ತಾನೇ ಇದ್ರು ಕಣಮ್ಮ," ಎಂದೆ. ರೋಬೋವನ್ನು ಎತ್ತಿ ಅಲ್ಲಿನ ಮಕ್ಕಳ ಕೈಗೆ ಕೊಟ್ಟೆ.