ಬೆಳ್ಳಗಾದ ಬಾವಿ ನೀರು

ಗುಡ್ಡ ಜರಿದ ಮೇಲೆ ಹೋಗಿ ಟೇಪು ಹಿಡಿಯುವವರನ್ನು ನಮ್ಮೂರಿನವರು ಬೆಂಕಿ ಬಿದ್ದಾಗ ಬಾವಿ ತೋಡುವವರು ಎಂದು ಗೇಲಿ ಮಾಡುತ್ತಾರೆ. ಭೂವಿಜ್ಞಾನಿಯಾದ ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತದೆ. ಆ ವಾರವೆಲ್ಲ ಮಳೆ ಬಿಟ್ಟಿರಲಿಲ್ಲ. ಬೈಂದೂರಿನ ಒಳಗಡೆ ಇರುವ ಅಕ್ಕನ ಮನೆಯ ಹಿಂದೆ ಗುಡ್ಡದ ಕಡಿದಾದ ದರೆ ಜರಿದು ಕೊಟ್ಟಿಗೆಯ ಗೋಡೆ ಬಿತ್ತೆಂದು ಫೋನು ಬಂದಾಗ, ಡ್ರೋನ್ ಹಾರಿಸುವ ಸಹೋದ್ಯೋಗಿಯನ್ನು ಕರೆದುಕೊಂಡು ಕುಂದಾಪುರದಿಂದ ಊಟ ಬಿಟ್ಟು ಹೊರಟೆ.

ಹೋದವಳೇ ಅಕ್ಕನ ಬಾವಿಗೆ ಬಾಲ್ದಿ ಇಳಿಸಿದೆ.

"ಹ್ವಾಯ್, ಗುಡ್ಡೆ ಕಾಂಬುಕೆ ಬಂದೋರ್ ಬಾವಿ ಎಂತಕ್ ಕಾಂತ್ರಿ?" ಎಂದು ನೆರೆಮನೆಯವರು ನಕ್ಕರು.

ನೀರು ಹಾಲು ಬೆರೆಸಿದಂತೆ ಬೆಳ್ಳಗೆ ಬಂತು. ನಿನ್ನೆಯವರೆಗೆ ತಿಳಿಯಾಗಿತ್ತಂತೆ. ನನಗೆ ಬೇಕಾದ ಉತ್ತರ ಅಲ್ಲೇ ಸಿಕ್ಕಿತು. ನಮ್ಮ ಕಡೆಯ ಗುಡ್ಡಗಳಲ್ಲಿ ಮೇಲೆ ತೂತುತೂತಾದ ಕೆಂಪು ಮುರಕಲ್ಲು, ಅದರಡಿ ಬಿಳಿಯ ಶೇಡಿಮಣ್ಣು. ಮುರಕಲ್ಲು ಎಷ್ಟು ನೀರನ್ನಾದರೂ ಕುಡಿದು ಕೆಳಗೆ ಬಿಡುತ್ತದೆ. ಶೇಡಿಮಣ್ಣು ನೆನೆದರೆ ರುಬ್ಬಿದ ಉದ್ದಿನ ಹಿಟ್ಟು. ಆ ಹಿಟ್ಟು ಬಾವಿಗೆ ಬರುತ್ತಿದೆಯೆಂದರೆ ಗುಡ್ಡದ ಬುಡ ಒಳಗೊಳಗೇ ಕರಗುತ್ತಿದೆ ಎಂದರ್ಥ. ಮಳೆ ತುಸು ಹೊಳವಾದಾಗ ಡ್ರೋನ್ ಹಾರಿಸಿದೆವು. ನೆತ್ತಿಯಲ್ಲಿ ಇಂಗುಗುಂಡಿಗಳ ಸಾಲಿನುದ್ದಕ್ಕೂ ನೆಲ ಬಿರುಕು ಬಿಟ್ಟಿತ್ತು.

ಆ ಗುಂಡಿಗಳನ್ನು ತೋಡಿಸಿದವಳು ನನ್ನ ಅಕ್ಕನೇ. ಬೇಸಿಗೆಯಲ್ಲಿ ಬಾವಿ ಬತ್ತಿ, ಟ್ಯಾಂಕರಿಗೆ ಕಾದು ಕಾದು ರೋಸಿಹೋಗಿ, ನೆರೆಯ ಹೆಂಗಸರನ್ನು ಸೇರಿಸಿ ತಾನೇ ಹಾರೆ ಹಿಡಿದಿದ್ದಳು. ಊರವರು ಶಾಲು ಹೊದೆಸಿದ್ದರು. ಗುಂಡಿಗಳ ಸಾಲೇ ಬಿರಿದಿದೆ, ಗುಡ್ಡದ ಕೆಳಗಿನ ಎಲ್ಲ ಮನೆಗಳೂ ಈಗಲೇ ಖಾಲಿಯಾಗಬೇಕು ಎಂದು ನಾನು ಹೇಳಿದಾಗ ಎಲ್ಲರೂ ಅವಳ ಮುಖ ನೋಡಿದರು. ಅವಳು ಹೊರಡದಿದ್ದರೆ ಯಾರೂ ಹೊರಡುವವರಲ್ಲ.

"ಬಾವಿಗ್ ನೀರಾಯ್ಲಿ ಅಂದ್ಹೇಳಿ ಗುಂಡಿ ತೋಡದ್. ಅದ್ ಮನಿ ಬೀಳ್ಸತ್ತಾ?" ಎಂದಳು. ಅವಳ ಕಣ್ಣು ತುಂಬಿತ್ತು.

ನನಗೆ ಕನಿಕರಕ್ಕಿಂತ ಮೊದಲು ಸಿಟ್ಟು ಬಂತು. ಗುಂಡಿ ಒಳ್ಳೆಯದೇ, ಜಾಗ ತಪ್ಪು. ದರೆಯ ನೆತ್ತಿಯಲ್ಲಿ ನೀರು ಇಂಗಿಸಿದರೆ ದರೆಯೇ ಕೆಳಗೆ ಬರುತ್ತದೆ ಎಂದು ಗದರಿಸಿಯೇ ಹೇಳಿದೆ. ಅವಳ ಕೈ ಹಿಡಿದು ಬಾಲ್ದಿಯ ತಳದಲ್ಲಿ ಕೂತ ಕೆಸರಿಗೆ ಮುಟ್ಟಿಸಿದೆ. ಹಬ್ಬ ಬಂದರೆ ತುಳಸಿಕಟ್ಟೆಗೆ ಶೇಡಿ ಬಳಿಯುವ ಕೈ ಅದು. ಬೆರಳಿಗೆ ಹತ್ತಿದ್ದು ಏನೆಂದು ಯಾರೂ ಹೇಳಬೇಕಾಗಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಹೋಗಿ ದನದ ಹಗ್ಗ ಬಿಚ್ಚಿದಳು. ಆಮೇಲೆ ಮನೆಮನೆಗೆ ಹೋಗಿ ಎಲ್ಲರನ್ನೂ ಊರಿನ ಶಾಲೆಗೆ ಹೊರಡಿಸಿದವಳು ಅವಳೇ. ನನ್ನೊಬ್ಬಳಿಂದ ಅದು ಆಗುತ್ತಿರಲಿಲ್ಲ.

ಸಂಜೆಯೊಳಗೆ ಗುಡ್ಡ ಜರಿದು ಬಂತು. ಶಾಲೆಯ ಜಗಲಿಯಲ್ಲಿ ನಿಂತು ಆ ಸದ್ದು ಕೇಳಿದೆವು. ಅಕ್ಕನ ಅಡುಗೆಮನೆ ಹೋಯಿತು, ಬಾವಿ ಕಟ್ಟೆಯ ಸಮೇತ ಮುಚ್ಚಿಹೋಯಿತು. ಜನ, ಜಾನುವಾರು ಎಲ್ಲ ಉಳಿದವು. ನನಗೆ ಹೆಮ್ಮೆಯಾಯಿತು, ಅದನ್ನು ಮುಚ್ಚಿಟ್ಟುಕೊಳ್ಳಲೂ ಇಲ್ಲ.

ಗಂಜಿ ಬಡಿಸುವಾಗ ಅಕ್ಕ ನನ್ನ ಪಕ್ಕ ಬಂದು ಕುಳಿತಳು. ನಿನ್ನ ಶಾಲೂ ಮಣ್ಣಿನಡಿ ಹೋಯಿತಲ್ಲ ಎಂದು ತಮಾಷೆ ಮಾಡಿದೆ. ಅವಳು ನಗಲಿಲ್ಲ.

"ಬೇಸ್ಗಿ ಮತ್ತೆ ಬತ್ತ್, ಹೆಣೆ," ಎಂದಳು. "ಈ ಸಲ ಜಾಗ ನೀ ತೋರ್ಸ್. ತೋಡುದ್ ನಾ."