ಅವ್ವ ಸಾರಿಸಿದ ಚಿತ್ರ

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದರೆ ನಾನು ಯಾರ ಜೊತೆಗೂ ಮಾತಾಡುವುದಿಲ್ಲ. ಪಕ್ಕದಲ್ಲಿ ಕೂತವರು ಯಾವೂರು, ಯಾರ ಮನೆ ಅಂತ ಕೇಳಿದರೂ ಹ್ಞೂಂ ಅಂದು ಮುಖ ಆಚೆ ತಿರುಗಿಸುತ್ತೇನೆ. ಜಂಬದವಳು ಅಂದುಕೊಂಡರೆ ಅಂದುಕೊಳ್ಳಲಿ. ಊರು ದಾಟಿದ ಮೇಲೆ ನೆಲ ಬಣ್ಣ ಬದಲಿಸತೊಡಗುತ್ತದೆ. ಮೊದಲು ಬೂದಿ, ಆಮೇಲೆ ಶೇಂಗಾ ಕಿತ್ತ ಹೊಲಗಳ ನಸುಗೆಂಪು, ನಡುವೆ ಹೇಳದೆ ಕೇಳದೆ ಒಂದು ತುಂಡು ಕರಿ ಎರೆಮಣ್ಣು, ಮತ್ತೆ ಕೆಂಪು. ದೂರದ ಬಂಡೆಗುಡ್ಡಗಳು ಬಿಸಿಲ ಝಳಕ್ಕೆ ಬುಡ ಬಿಟ್ಟು ಗಾಳಿಯಲ್ಲಿ ತೇಲುತ್ತಿರುತ್ತವೆ. ಎಲ್ಲಿಂದಲೋ ಬಂದ ಮೋಡದ ನೆರಳೊಂದು ಬದುಗಳನ್ನು ದಾಟಿಕೊಂಡು ಬಸ್ಸಿನ ಜೊತೆಗೇ ಬರುತ್ತದೆ. ಕಣ್ಣು ಅರ್ಧ ಮುಚ್ಚಿದರೆ ಮರ, ಕಂಬ, ಕುರಿ ಎಲ್ಲ ಕರಗಿ ಬರೀ ಪಟ್ಟೆಗಳು ಉಳಿಯುತ್ತವೆ. ನಾನು ಬರೆಯುವುದು ಆ ಪಟ್ಟೆಗಳನ್ನು.

ನನ್ನ ಚಿತ್ರಗಳಲ್ಲಿ ಮನುಷ್ಯರಿಲ್ಲ, ಮನೆಯಿಲ್ಲ, ಒಂದು ಹಕ್ಕಿ ಕೂಡ ಇಲ್ಲ. ಚಳ್ಳಕೆರೆಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಡಂ ನಾನು. ದಿನವಿಡೀ ಮಕ್ಕಳ ಕೈಲಿ ಹೂಕುಂಡ, ಬಾಳೆಹಣ್ಣು ಬರೆಸಿ ಬರೆಸಿ ಬೇಜಾರಾಗಿ, ಮನೆಗೆ ಬಂದು ಬರೀ ನೆಲ ಬರೆಯುತ್ತೇನೆ. ಅದೂ ಟ್ಯೂಬಿನ ಬಣ್ಣದಿಂದಲ್ಲ, ಮಣ್ಣಿನಿಂದಲೇ. "ಏನ್ ಮೇಡಂ ಇದು, ಉಲ್ಟಾ ಹಿಡಿದ್ರೂ ಹಿಂಗೇ ಕಾಣ್ತೈತಲ್ಲ?" ಅಂತ ನಮ್ಮ ಗಣಿತದ ಮೇಷ್ಟ್ರು ಒಮ್ಮೆ ಕಾಲೆಳೆದರು. "ನಿಮ್ಮ ಹೊಲದಾಗೆ ತಲೆ ಕೆಳಗೆ ಮಾಡಿ ನಿಂತು ನೋಡ್ರಿ ಸರ್, ಅದೂ ಹಿಂಗೇ ಕಾಣ್ತೈತೆ" ಅಂದೆ. ಆಮೇಲೆ ಅವರು ನನ್ನ ಚಿತ್ರದ ತಂಟೆಗೆ ಬರಲಿಲ್ಲ. ನನ್ನ ಬಾಯಿ ಮೊದಲಿನಿಂದಲೂ ಸ್ವಲ್ಪ ಜೋರು. ನಾನು ಹೇಳಹೊರಟಿರುವುದೂ ಆ ಬಾಯಿಯಿಂದ ಆದ ಅನಾಹುತವನ್ನೇ.

ಭಾನುವಾರ ಬಂದರೆ ಚೀಲ ಹಿಡಿದು ಮಣ್ಣಿಗೆ ಹೋಗುತ್ತೇನೆ. ಗೌರಸಮುದ್ರದ ಕಡೆಯ ಹೊಲಗಳ ಮಣ್ಣು ಕೈಯಲ್ಲಿ ಉಜ್ಜಿದರೆ ಸಕ್ಕರೆಯ ಹಾಗೆ ಉದುರುತ್ತದೆ. ಕೊಂಡ್ಲಹಳ್ಳಿ ಕೆರೆ ಅಂಗಳದ್ದು ನುಣ್ಣಗೆ, ಒಣಗಿದರೆ ಬಿರಿಯುತ್ತದೆ. ದೇವಸಮುದ್ರದ ಹತ್ತಿರ ರಸ್ತೆ ಪಕ್ಕ ಕೂತು ಮಣ್ಣು ತುಂಬಿಕೊಳ್ಳುತ್ತಿದ್ದಾಗ ಕುರಿ ಕಾಯುವ ಅಜ್ಜ ಒಬ್ಬರು ಬಂದು, "ಏಮಮ್ಮಾ, ಮಟ್ಟಿ ಎಂದುಕು?" ಅಂದರು. ಮಣ್ಣು ಯಾಕೆ ಅಂತ. ಚಿತ್ರ ಬರೆಯೋಕೆ ಅಂದೆ. ಅಜ್ಜ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕುರಿಗಳನ್ನು ಒಂದಿಷ್ಟು ದೂರ ಹೊಡೆದುಕೊಂಡು ಹೋದರು.

ಮಣ್ಣು ಸಿಕ್ಕರೆ ಸಾಲದು, ಹಲಗೆಯ ಮೇಲೆ ನಿಲ್ಲಬೇಕು. ಮೊದಮೊದಲು ಅಂಗಡಿಯ ಗೋಂದು ಹಾಕಿದೆ. ಒಣಗಿದ ಮೇಲೆ ಪ್ಲಾಸ್ಟಿಕ್ಕಿನ ಹಾಗೆ ಮಿರಿಮಿರಿ ಮಿಂಚಿ ಹೊಟ್ಟೆ ಉರಿಯಿತು. ಕೊನೆಗೆ ದಾರಿ ತೋರಿಸಿದವರು ನಮ್ಮೂರಿನ ಕಂಬಳಿ ನೇಯುವವರು. ಅವರು ಉಣ್ಣೆಯ ನೂಲು ಬಿಗಿಯಾಗಲೆಂದು ಹುಣಸೆ ಬೀಜ ಅರೆದು ಕುದಿಸಿದ ಗಂಜಿ ಹಚ್ಚುತ್ತಾರೆ. ಅದೇ ಗಂಜಿಯನ್ನು ಮಣ್ಣಿಗೆ ಬೆರೆಸಿ, ಗೋಣಿತಟ್ಟು ಅಂಟಿಸಿದ ಪ್ಲೈವುಡ್ಡಿನ ಮೇಲೆ ಬಳಿದೆ. ಮಣ್ಣು ಮಣ್ಣಾಗಿಯೇ ನಿಂತಿತು. ಅವತ್ತಿನ ನನ್ನ ಸಂತೋಷ ಏನಂತ ಹೇಳಲಿ, ಮಧ್ಯಾಹ್ನದ ಊಟ ಮರೆತು ಆ ಹಲಗೆಯ ಮುಂದೆ ಕೂತಿದ್ದೆ.

ಹುಣಸೆ ಬೀಜ ಕೊಡುತ್ತಿದ್ದವಳು ಅವ್ವ. ಕೊಂಡ್ಲಹಳ್ಳಿಯ ನಮ್ಮ ಮಣ್ಣಿನ ಮನೆ ಕೆಡವಿ ಅಣ್ಣ ಸಿಮೆಂಟಿನ ಮನೆ ಕಟ್ಟಿಸಿದ ಮೇಲೆ ಅವಳು ಚಳ್ಳಕೆರೆಗೆ ನನ್ನ ಹತ್ತಿರ ಬಂದಳು. ಆ ಹಳೇ ಮನೆಯ ಪಡಸಾಲೆ ಗೋಡೆಯನ್ನು ಹಬ್ಬ ಹಬ್ಬಕ್ಕೂ ಕೆಮ್ಮಣ್ಣಿನಿಂದ ಸಾರಿಸುತ್ತಿದ್ದವಳು ಅವಳೇ. ಬಕೆಟ್ಟಿಗೆ ಕೈ ಅದ್ದಿ, ಎಡದಿಂದ ಬಲಕ್ಕೆ ಒಂದು ಕಮಾನು, ಅದರ ಪಕ್ಕ ಇನ್ನೊಂದು. ಒಣಗಿದ ಮೇಲೆ ಗೋಡೆ ತುಂಬ ಕೈಯ ಅಲೆಗಳು ಕಾಣುತ್ತಿದ್ದವು. ಅವಳ ಹಿಂದೆಯೇ ತೆವಳಿಕೊಂಡು ನಾನೂ ಕೈ ಕೆಸರು ಮಾಡಿಕೊಳ್ಳುತ್ತಿದ್ದೆ. ಮಧ್ಯಾಹ್ನ ಆ ಗೋಡೆಗೆ ಮುಖ ಮಾಡಿ ಮಲಗಿದರೆ ಅಲೆಗಳು ಮೆಲ್ಲಗೆ ಅಲ್ಲಾಡಿ, ಗುಡ್ಡಗಳಾಗಿ, ಗುಡ್ಡದ ಹಿಂದೆ ಇನ್ನೊಂದು ಊರಾಗಿ, ಆ ಊರಿನ ಹಸಿ ಮಣ್ಣಿನ ವಾಸನೆ ಮೂಗಿಗೆ ಬರುವಷ್ಟರಲ್ಲಿ ನಿದ್ದೆ ಬಂದಿರುತ್ತಿತ್ತು. ನಾನು ಚಿತ್ರ ನೋಡುವುದನ್ನು ಕಲಿತದ್ದು ಅಲ್ಲಿ.

ಚಳ್ಳಕೆರೆಯ ಮನೆಯಲ್ಲಿ ನೆಲಕ್ಕೆ ಟೈಲ್ಸು, ಗೋಡೆಗೆ ಪೇಂಟು. "ಈ ಮನ್ಯಾಗೆ ಕೈ ಆಡ್ಸಾಕೆ ಒಂದು ಮೂಲೆ ಇಲ್ಲವಲ್ಲೇ" ಅಂತ ಅವ್ವ ಗೊಣಗುತ್ತಿದ್ದಳು. ಕಣ್ಣಿಗೆ ಪೊರೆ ಬಂದು ಅವಳಿಗೆ ಎಲ್ಲವೂ ಮಂಜು ಮಂಜು. ಆಪರೇಷನ್ ಅಂದರೆ, "ನೋಡಿದ್ದು ಸಾಕಾಗೈತೆ, ಸುಮ್ಕಿರು" ಅನ್ನುತ್ತಿದ್ದಳು. ಕೈಯಿಂದಲೇ ತಡವಿ ತಡವಿ ಎಲ್ಲ ಕೆಲಸ ಮಾಡುತ್ತಿದ್ದಳು.

ಹೋದ ವರ್ಷ ಯುಗಾದಿಗೆ ಮುಂಚೆ ದಾವಣಗೆರೆಯಲ್ಲಿ ಒಂದು ಚಿತ್ರಪ್ರದರ್ಶನಕ್ಕೆ ನನ್ನನ್ನು ಕರೆದಿದ್ದರು. ನನ್ನ ಬದುಕಿನಲ್ಲೇ ಮೊದಲನೆಯದು. ಅದಕ್ಕಾಗಿ ಆಳೆತ್ತರದ ಹಲಗೆಯ ಮೇಲೆ ಕೊಂಡ್ಲಹಳ್ಳಿ ಕೆರೆಯ ಕೆಮ್ಮಣ್ಣನ್ನು ಪದರ ಪದರವಾಗಿ ಬಳಿದು, ಹಿತ್ತಲಲ್ಲಿ ನೆರಳಿಗೆ ಒರಗಿಸಿ, ಬಿರುಕು ಬಿಡಲೆಂದು ತಿಂಗಳುಗಟ್ಟಲೆ ಕಾದಿದ್ದೆ. ಬಿರುಕುಗಳು ಬಂದವು ನೋಡಿ, ಅಬ್ಬಾ! ಬೇಸಿಗೆಯ ಕೆರೆಯಲ್ಲಿ ನಿಂತು ಕೆಳಗೆ ನೋಡಿದರೆ ಹೇಗಿರುತ್ತದೋ ಹಾಗೇ. ಸಂಜೆಯ ಬೆಳಕು ಅಡ್ಡಲಾಗಿ ಬಿದ್ದಾಗ ಒಂದೊಂದು ಬಿರುಕಿನೊಳಗೂ ನೆರಳು ಇಳಿದು, ಅದರೊಳಗೆ ಕಾಲಿಟ್ಟರೆ ಇನ್ನೆಲ್ಲಿಗೋ ಹೋಗಿಬಿಡಬಹುದು ಅನ್ನಿಸುತ್ತಿತ್ತು.

ಯುಗಾದಿಗೆ ಒಂದು ವಾರ ಇರುವಾಗ ಸ್ಕೂಲಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಹಿತ್ತಲಿಂದ ಹಸಿ ಮಣ್ಣಿನ ವಾಸನೆ ಬಂತು. ಒಂದು ಗಳಿಗೆ ಕೊಂಡ್ಲಹಳ್ಳಿಯ ಪಡಸಾಲೆಯಲ್ಲೇ ನಿಂತ ಹಾಗಾಯಿತು. ಹೋಗಿ ನೋಡಿದರೆ ಅವ್ವ ಸೀರೆ ಮೇಲೆತ್ತಿ ಕಟ್ಟಿ, ಮೊಣಕೈವರೆಗೆ ಕೆಂಪಾಗಿ, ಹಲಗೆಯ ಮುಂದೆ ಕೂತಿದ್ದಾಳೆ. ನನ್ನ ಉಳಿದ ಮಣ್ಣಿಗೆ ಪಕ್ಕದ ಮನೆಯ ಸಗಣಿ ಬೆರೆಸಿ ಇಡೀ ಚಿತ್ರವನ್ನು ಸಾರಿಸಿಬಿಟ್ಟಿದ್ದಾಳೆ. ಒಂದೇ ಒಂದು ಬಿರುಕಿಲ್ಲ. ಬರೀ ಕಮಾನುಗಳು. ಕೆಳಗೆ ಬಲಗಡೆಯ ಮೂಲೆಯಲ್ಲಿ ಮಾತ್ರ ಒಂದು ಗೇಣಿನಷ್ಟು ಹಾಗೇ ಉಳಿದಿತ್ತು. ಕಣ್ಣು ಕಾಣದೆ ಬಿಟ್ಟಿದ್ದಾಳೆ ಅಂದುಕೊಂಡೆ.

"ಬಂದ್ಯಾ? ಬಾ ಬಾ. ಹಬ್ಬ ಇಟ್ಕಂಡು ಹಿಂಗ ಬಿರುಕು ಬಿಟ್ಟ ಗ್ವಾಡೆ ಮಡೀಕಂತಾರೇನೆ? ಕೈ ಹಾಕಿದ್ರೆ ಬೆರಳು ಒಳಗೆ ಹೋಗ್ತಿತ್ತು" ಅಂದಳು. ಮುಖದಲ್ಲಿ ಎಂಥ ಖುಷಿ ಅಂತೀರಿ.

ನನಗೆ ಮೈಯೆಲ್ಲ ಉರಿದುಹೋಯಿತು. "ಯಾರು ಹೇಳಿದ್ರು ನಿಂಗೆ ಮುಟ್ಟು ಅಂತ? ಏನ್ ಗೊತ್ತೈತೆ ಅಂತ ಕೈ ಹಾಕ್ದೆ? ಇನ್ನೊಂದು ಸಲ ನನ್ನ ಮಣ್ಣು ಮುಟ್ಟಿದ್ರೆ ನೋಡು!" ಅಂತ ಕಿರುಚಿದೆ. ಅಷ್ಟಕ್ಕೇ ಬಿಡಲಿಲ್ಲ. ನಲ್ಲಿಗೆ ಪೈಪು ಸಿಕ್ಕಿಸಿ ಹಲಗೆಗೆ ನೀರು ಬಿಟ್ಟೆ. ಮೇಲಿನ ಹಸಿಯನ್ನಷ್ಟೇ ತೊಳೆದರೆ ನನ್ನ ಬಿರುಕುಗಳು ಕೆಳಗೆ ಸಿಗುತ್ತವೆ ಅನ್ನುವ ಹುಚ್ಚು ಲೆಕ್ಕ. ಹುಣಸೆ ಗಂಜಿ ನೀರಿಗೆ ನಿಲ್ಲುತ್ತದೆಯೇ? ಅವ್ವನ ಕಮಾನುಗಳೂ ನನ್ನ ಬಿರುಕುಗಳೂ ಒಟ್ಟಿಗೇ ಇಳಿದು ಬಚ್ಚಲ ಮೋರಿಗೆ ಹರಿದವು. ಕೊನೆಗೆ ಗೋಣಿತಟ್ಟು ಉಳಿಯಿತು. ಅವ್ವ ಮಣ್ಣಾದ ಕೈಗಳನ್ನು ಮುಂದೆ ಹಿಡಿದುಕೊಂಡು ನಿಂತಿದ್ದಳು. ಆಮೇಲೆ ನಾನು ಕೆಳಗೆ ಬಿಟ್ಟಿದ್ದ ಪೈಪಿನ ನೀರಿಗೇ ಕೈ ತೊಳೆದುಕೊಂಡು ಒಳಗೆ ಹೋದಳು.

ದಾವಣಗೆರೆಗೆ ಬೇರೆ ಸಣ್ಣ ಚಿತ್ರಗಳನ್ನು ಒಯ್ದೆ. ಜನ ಚೆನ್ನಾಗಿದೆ ಅಂದರು. ಒಬ್ಬರು ಹತ್ತಿರ ಬಂದು ಮೂಸಿ ನೋಡಿ, "ನಮ್ಮಜ್ಜಿ ಮನೆ ವಾಸನೆ ರೀ" ಅಂದರು.

ಅವತ್ತಿನಿಂದ ಅವ್ವ ಮಣ್ಣು ಮುಟ್ಟಲಿಲ್ಲ. ನನ್ನ ಮಣ್ಣಷ್ಟೇ ಅಲ್ಲ, ಯಾವ ಮಣ್ಣನ್ನೂ. ತುಳಸಿ ಕುಂಡದ ಮಣ್ಣು ಸಡಿಲ ಮಾಡುವುದನ್ನೂ ಬಿಟ್ಟಳು. ಕರಿಬೇವಿನ ಗಿಡಕ್ಕೆ ನಿಂತಲ್ಲಿಂದಲೇ ಚೊಂಬಿನಲ್ಲಿ ನೀರು ಎರಚಿ ಬರುತ್ತಿದ್ದಳು. ತಪ್ಪಾಯ್ತವ್ವ ಅಂದೆ. "ನೀನೇನು ತಪ್ಪು ಮಾಡ್ದೆ? ನಿನ್ನ ಮಣ್ಣು, ನಿನ್ನ ಹಲಗೆ. ನಂಗೆ ತಿಳೀಲಿಲ್ಲ ಬಿಡು" ಅಂದಳು. ಅದಕ್ಕಿಂತ ಎರಡು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹುಣಸೆ ಬೀಜ ಮಾತ್ರ ತಪ್ಪದೆ ಡಬ್ಬಿಗೆ ತುಂಬಿ ನನ್ನ ಬಾಗಿಲ ಹತ್ತಿರ ಇಡುತ್ತಿದ್ದಳು. ಅವಳ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿದ್ದವು. ಆ ಕೈಗಳು ಇನ್ನೊಮ್ಮೆ ಮಣ್ಣಿಗಿಳಿಯದೆ ಹಾಗೇ ಉಳಿದುಬಿಟ್ಟರೆ? ಆ ಭಯದಲ್ಲಿ ವರ್ಷವಿಡೀ ನಾನು ಒಂದು ಒಳ್ಳೆಯ ಚಿತ್ರ ಬರೆಯಲಿಲ್ಲ.

ಈ ವರ್ಷ ಯುಗಾದಿಗೆ ನಾಲ್ಕು ದಿನ ಇರುವಾಗ ಒಂದು ಉಪಾಯ ಮಾಡಿದೆ. ಅದೇ ಹಲಗೆಯನ್ನು ಹಿತ್ತಲಿಗೆ ತಂದು ಗೋಡೆಗೆ ಒರಗಿಸಿದೆ. ಅವ್ವ ಮೆಟ್ಟಿಲ ಮೇಲೆ ಹೊಸ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದಳು. ನಾನು ಬೇಕೆಂದೇ ಕೆಮ್ಮಣ್ಣಿಗೆ ಧಾರಾಳವಾಗಿ ನೀರು ಸುರಿದು, ಪಚಕ್ ಪಚಕ್ ಅಂತ ಸದ್ದು ಮಾಡುತ್ತ ಬಳಿಯತೊಡಗಿದೆ.

ಅವ್ವನ ಕೈ ನಿಂತಿತು. "ನೀರು ಜಾಸ್ತಿ ಆತು."

"ಆಗ್ಲಿ ಬಿಡು."

"ಸದ್ದು ಕೇಳಿದ್ರೇ ಗೊತ್ತಾಗ್ತೈತೆ. ರೊಟ್ಟಿ ಬಡ್ದಂಗೆ ಬಡೀತಾ ಇದ್ದೀಯ. ಎಳೀಬೇಕು ಕಣೆ, ಬಡೀಬಾರ್ದು."

"ನಂಗೆ ಬರೋದೇ ಇಷ್ಟು."

ನಾನು ಇನ್ನೂ ಜೋರಾಗಿ ಬಡಿದೆ. ಮಣ್ಣು ಜಾರಿ ಕಾಲ ಮೇಲೆ ಬಿತ್ತು. "ಥೂ ನಿನ್ನ! ಮೇಷ್ಟ್ರು ಕೆಲ್ಸ ಬೇರೆ ಮಾಡ್ತಾಳಂತೆ. ಸರಿ ಅತ್ಲಾಗೆ!" ಅಂತ ಅವ್ವ ಎದ್ದಳು. ಬಕೆಟ್ಟಿನ ಹತ್ತಿರ ಬಂದು, ಕೈ ಇಳಿಸುವ ಮುಂಚೆ ಒಂದು ಗಳಿಗೆ ತಡೆದಳು. "ಮುಟ್ಲಾ?" ಅಂದಳು.

"ಮುಟ್ಟವ್ವ" ಅಂದೆ.

ಒಣ ಮಣ್ಣು ಬೆರೆಸಿ, ಹದ ನೋಡಿ, ಎಡಗಡೆ ಮೇಲಿನಿಂದ ಶುರು ಮಾಡಿದಳು. ಒಂದು ಕಮಾನು, ಪಕ್ಕದಲ್ಲಿ ಇನ್ನೊಂದು. ಬಿಸಿಲು ಹಿತ್ತಲಿನ ಗೋಡೆಯಿಂದ ಇಳಿದು ಹಲಗೆಗೆ ಬಂತು. ಹಸಿ ಕೆಂಪಿನ ಮೇಲೆ ಅಲೆಗಳು ಹೊಳೆದು, ಅವು ಮೆಲ್ಲಗೆ ಗುಡ್ಡಗಳಾದವು. ನಾನು ಮೆಟ್ಟಿಲ ಮೇಲೆ ಕೂತು ಕಣ್ಣು ಅರ್ಧ ಮುಚ್ಚಿಕೊಂಡೆ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಅವ್ವ ಬಕೆಟ್ಟಿನ ಅಂಚಿಗೆ ಕೈ ಒರೆಸುತ್ತಿದ್ದಳು. ಕೆಳಗೆ ಬಲಗಡೆಯ ಮೂಲೆಯಲ್ಲಿ ಒಂದು ಗೇಣು ಗೋಣಿತಟ್ಟು ಹಾಗೇ ಇತ್ತು.

"ಮುಗಿಸವ್ವ, ಅಲ್ಲೊಂದು ಚೂರು ಉಳೀತು."

"ಅದು ನಿಂದಲ್ಲೇನೆ?" ಅಂದಳು ಅವ್ವ. "ಚಿಕ್ಕೋಳಿದ್ದಾಗ ಆ ಮೂಲೆ ನಿಂಗೆ ಬಿಡ್ಲಿಲ್ಲ ಅಂದ್ರೆ ಊರಿಗೆಲ್ಲ ಕೇಳಂಗೆ ಅಳ್ತಿದ್ದೆ. ಹೋದ ವರ್ಷಾನೂ ಬಿಟ್ಟಿದ್ನಲ್ಲ. ಅದ್ಕೇ ನೀನು ಬರಾದು ಕಾಯ್ತಾ ಕುಂತಿದ್ದೆ. ನೀನು ನೋಡ್ಲಿಲ್ಲ."

ನೋಡಿದ್ದೆ. ನೋಡಿಯೇ ಪೈಪು ಹಿಡಿದಿದ್ದೆ.

ಬಕೆಟ್ಟಿಗೆ ಕೈ ಅದ್ದಿ ಮೂಲೆಯ ಮುಂದೆ ಕೂತೆ. ಐವತ್ತರ ಹತ್ತಿರ ಬಂದ ಹೆಂಗಸು ನಾನು, ಮೂಗು ಸೊರ್ ಸೊರ್ ಅನ್ನಿಸುತ್ತ ಮಣ್ಣು ಎಳೆಯುತ್ತಿದ್ದೆ. ಕಮಾನು ಸೊಟ್ಟಗಾಯಿತು. ಅವ್ವ ತಡವಿಕೊಂಡು ಬಂದು ನನ್ನ ಕೆನ್ನೆ ಮುಟ್ಟಿ ನೋಡಿದಳು.

"ಅಳಬ್ಯಾಡ ಕಣೆ" ಅಂದಳು. "ಮೊದ್ಲೇ ನೀರು ಜಾಸ್ತಿ ಆಗೈತೆ."