ಇಪ್ಪತ್ತಾರು ನಿಮಿಷ ಮುಂದಿದ್ದ ಗಡಿಯಾರ

2023ರ ಜೂನ್. ಅಂಕೋಲೆ ಪೇಟೆಯಲ್ಲಿ ಗೋಡಂಬಿ ಅಂಗಡಿಯ ಮೇಲಿದ್ದ ಎರಡು ಕೋಣೆಗಳ ಸಾಫ್ಟ್‌ವೇರ್ ಕಚೇರಿಗೆ ನಾನು ಸೇರಿ ಹದಿನಾಲ್ಕು ತಿಂಗಳಾಗಿತ್ತು. ಕಾರವಾರದ ಒಂದು ಖಾಸಗಿ ಆಸ್ಪತ್ರೆಯ ಜಾವಾ ವೆಬ್ ಸೇವೆ ನನ್ನ ಜವಾಬ್ದಾರಿಯಾಗಿತ್ತು. ರೋಗಿಗಳಿಗೆ ಕೊಡಬೇಕಾದ ಔಷಧಿಯ ಪ್ರಮಾಣವನ್ನು ನರ್ಸ್‌ಗಳು ಅದರಲ್ಲೇ ದಾಖಲಿಸುತ್ತಿದ್ದರು.

ಜೂನ್ 5ರಿಂದ ದೂರುಗಳು ಶುರುವಾದವು. ಲಾಗಿನ್ ಆದವರನ್ನು ಸೇವೆ ಕೆಲಸದ ನಡುವೆಯೇ ಹೊರಹಾಕುತ್ತಿತ್ತು. ಒಂಬತ್ತು ದಿನಗಳಲ್ಲಿ 41 ದೂರುಗಳೆಂದು ನನ್ನ ಡೈರಿಯಲ್ಲಿದೆ. ಅವುಗಳಲ್ಲಿ 17 ಒಬ್ಬರವೇ, ಕಿನ್ನರ ಎಂಬ ಹಳ್ಳಿಯಿಂದ ಮೊದಲ ಬಸ್ಸಿಗೆ ಬರುವ ಹಿರಿಯ ನರ್ಸ್ ಶೈಲಕ್ಕನವು.

“ತಂಗೀ, ನಿನ್ನ ಕಂಪ್ಯೂಟರಿಗೆ ನಾಲ್ಕೇ ನಿಮಿಷಕ್ಕೆ ನನ್ನ ಗುರ್ತು ಮರ್ತು ಹೋಗ್ತದೆ. ನಮ್ಮನೆ ಬೆಕ್ಕಿಗೆ ಇದಕ್ಕಿಂತ ನೆನಪುಂಟು,” ಎಂದು ಅವರು ಫೋನಿನಲ್ಲಿ ನಗುತ್ತಿದ್ದರು.

ಲಾಗಿನ್ ಆದವರಿಗೆ ಸರ್ವರ್ ಒಂದು ಟೋಕನ್ ಕೊಡುತ್ತದೆ. ಅದು ಅವಧಿ ನಮೂದಿಸಿದ ಪಾಸ್ ಇದ್ದಂತೆ. ಮುಗಿದ ಮೇಲೆ ಮತ್ತೆ ಪಾಸ್‌ವರ್ಡ್ ಕೊಡಬೇಕು. ನಮ್ಮಲ್ಲಿ ಅವಧಿ 30 ನಿಮಿಷವಿತ್ತು. ಅದು ನಾಲ್ಕೇ ನಿಮಿಷಕ್ಕೆ ಏಕೆ ಮುಗಿಯುತ್ತಿದೆ ಎಂದು ನಾನು ಹುಡುಕಬೇಕಿತ್ತು. ಹುಡುಕಲಿಲ್ಲ. ಜೂನ್ 14ರಂದು ಅವಧಿಯನ್ನು 12 ಗಂಟೆಗೆ ಏರಿಸಿದೆ. ಮರುದಿನದಿಂದ ದೂರು ನಿಂತಿತು. “ದೂರು 0. ಪರಿಹಾರವಾಯಿತು” ಎಂದು ಜೂನ್ 15ರ ಡೈರಿಯಲ್ಲಿ ಬರೆದುಕೊಂಡೆ.

ವಾರ್ಡಿನಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಬೆಳಿಗ್ಗೆ ಮೊದಲು ಬರುವ ಶೈಲಕ್ಕ ಲಾಗಿನ್ ಆದರೆ ಸಂಜೆಯವರೆಗೂ ಯಾರೂ ಪಾಸ್‌ವರ್ಡ್ ಒತ್ತುವ ಅಗತ್ಯವಿರಲಿಲ್ಲ. ಎಲ್ಲರೂ ಅವರ ಹೆಸರಿನಲ್ಲೇ ಬರೆಯತೊಡಗಿದರು. ಅದು ನನಗೆ ತಿಳಿದಿರಲಿಲ್ಲ.

ಜುಲೈ 11ರ ಮಧ್ಯಾಹ್ನ 2.10ಕ್ಕೆ ಅರ್ಗಾದ ಒಬ್ಬ ಕೂಲಿ ಕಾರ್ಮಿಕರ ಇನ್ಸುಲಿನ್ ಪ್ರಮಾಣ 6 ಯೂನಿಟ್ ಬದಲು 16 ಎಂದು ದಾಖಲಾಯಿತು. ಹಾಗೇ 16 ಯೂನಿಟ್ ಕೊಟ್ಟರು. ಅವರು ಪ್ರಜ್ಞೆ ತಪ್ಪಿ ಮೂರು ದಿನ ಐಸಿಯುವಿನಲ್ಲಿದ್ದು ಬದುಕಿದರು. ಆ ಹೊತ್ತಿಗೆ ತಾನು ಹಾಸಿಗೆಗಳ ಬಳಿ ಮುಂದಿನ ಪಾಳಿಯವರಿಗೆ ಕೆಲಸ ಒಪ್ಪಿಸುತ್ತಿದ್ದೆ ಎಂದು ಶೈಲಕ್ಕ ಹೇಳಿದರು. ಬರೆದದ್ದು ತಾವೆಂದು ಬೇರೆ ಯಾರೂ ಒಪ್ಪಲಿಲ್ಲ.

ಆಸ್ಪತ್ರೆಯ ಆಡಳಿತಾಧಿಕಾರಿ ನನ್ನನ್ನು ಕರೆಸಿದರು. “ಕತೆ ಬೇಡ. ಲಾಗಿನ್ ಯಾರದ್ದು, ಅಷ್ಟು ಹೇಳಿ.”

“ಶೈಲಾ ಅವರದ್ದು,” ಎಂದೆ. ಅದನ್ನೇ ಬರೆದು ಸಹಿ ಹಾಕಿದೆ. ಎರಡು ದಿನಗಳಲ್ಲಿ ಅವರನ್ನು ಕೆಲಸದಿಂದ ತೆಗೆದರು. ಹತ್ತೊಂಬತ್ತು ವರ್ಷದ ಸೇವೆ.

ಸಮಾಧಾನವಾಗದೆ ಜುಲೈ 16ರಂದು ಸರ್ವರ್ ತಾನೇ ಬರೆದಿಡುವ ದಾಖಲೆಯನ್ನು, ಅಂದರೆ ಲಾಗ್ ಅನ್ನು, ಪೂರ್ತಿ ಓದಿದೆ. ಆ ಟೋಕನ್ ಕೊಟ್ಟದ್ದು ಬೆಳಿಗ್ಗೆ 6.52ಕ್ಕೆ, ಆ ಬಳಿಕ ಆ ಕಂಪ್ಯೂಟರಿನಲ್ಲಿ ಯಾರೂ ಪಾಸ್‌ವರ್ಡ್ ಕೊಟ್ಟಿರಲಿಲ್ಲ. ಅಂದರೆ 2.10ಕ್ಕೆ ಅಲ್ಲಿ ಕೂತಿದ್ದವರು ಯಾರು ಬೇಕಾದರೂ ಆಗಿರಬಹುದಿತ್ತು. ಮೂಲ ದೋಷವೂ ಆಗಲೇ ಸಿಕ್ಕಿತು. ಕೆಲಸ ಹಂಚಿಕೊಳ್ಳುತ್ತಿದ್ದ ನಮ್ಮ ಎರಡು ಸರ್ವರ್‌ಗಳಲ್ಲಿ ಎರಡನೆಯದರ ಗಡಿಯಾರ 26 ನಿಮಿಷ ಮುಂದಿತ್ತು. ಮೊದಲನೆಯದು ಕೊಟ್ಟ 30 ನಿಮಿಷದ ಟೋಕನ್ ಎರಡನೆಯದರ ಲೆಕ್ಕದಲ್ಲಿ ನಾಲ್ಕೇ ನಿಮಿಷಕ್ಕೆ ಮುಗಿಯುತ್ತಿತ್ತು. ಗಡಿಯಾರ ಸರಿಪಡಿಸಿ ಅವಧಿಯನ್ನು ಮತ್ತೆ 30 ನಿಮಿಷಕ್ಕೆ ಇಳಿಸಲು ಹತ್ತು ನಿಮಿಷ ಸಾಕಾಯಿತು.

ಇಷ್ಟನ್ನೂ, ನನ್ನ ತಪ್ಪನ್ನೂ ಸೇರಿಸಿ, ಎರಡನೇ ವರದಿ ಕಳಿಸಿದೆ. “ಆ ವಿಷಯ ಮುಗಿದಿದೆಯಲ್ಲ,” ಎಂದರು ಆಡಳಿತಾಧಿಕಾರಿ.

ಆಗಸ್ಟಿನಲ್ಲಿ ಕಾರವಾರ ಬಸ್ ನಿಲ್ದಾಣದಲ್ಲಿ ಶೈಲಕ್ಕ ಸಿಕ್ಕರು. ನಿಂತಲ್ಲೇ ಎಲ್ಲವನ್ನೂ ಹೇಳಿದೆ.

“ನಿಂಗೆ ಬೈದು ಎಂತ ಮಾಡ್ಲಿ, ತಂಗಿ? ಲಾಗಿನ್ ಹೋಗ್ತದೆ, ಸರಿ ಮಾಡು ಅಂತ ಹಟ ಹಿಡ್ದವಳು ನಾನೇ ಅಲ್ದಾ,” ಎಂದರು. ಬಸ್ ಬರುವ ದಾರಿ ನೋಡುತ್ತ, “ಅವ್ರು ಕೇಳಿದಾಗ ನೀ ನಂಗೊಂದು ಫೋನ್ ಮಾಡ್ಬಹುದಿತ್ತು,” ಎಂದರು. ಕಿನ್ನರದ ಬಸ್ ಬಂತು. ಅವರು ಹತ್ತಿದರು.

ದೂರು ನಿಂತ ಮಾತ್ರಕ್ಕೆ ದೋಷ ಹೋಗಿರುವುದಿಲ್ಲ ಎಂದು ಈ ಕೆಲಸ ನನಗೆ ಕಲಿಸಿತು. ಲಾಗ್‌ನಲ್ಲಿ ಇರುವುದು ಖಾತೆಯ ಹೆಸರು ಮಾತ್ರ, ಬರೆದವರದ್ದಲ್ಲ ಎಂದು ಈಗ ಪ್ರತಿ ವರದಿಯ ಮೊದಲ ಸಾಲಿನಲ್ಲೇ ಬರೆಯುತ್ತೇನೆ. ಆ ಎರಡನೇ ವರದಿಯನ್ನು ಇದುವರೆಗೆ ನಾಲ್ಕು ಸಲ ಕಳಿಸಿದ್ದೇನೆ. ಲಿಖಿತ ಉತ್ತರ 0. ಜೂನ್ 15ರ ಆ ಇನ್ನೊಂದು ಸೊನ್ನೆಯನ್ನು ಡೈರಿಯಲ್ಲಿ ಹೊಡೆದುಹಾಕಿಲ್ಲ.